ಗೋಸುಂಬೆಗೆ ಮುಂಗಡ ಹಾಕುವ ಮುಂಚೆ ಅದರ ಹಿಮ್ಮಡಿ ನೋಡಿ

ಗೋಸುಂಬೆ ಮರಿ ಬುಕ್ ಮಾಡೋಣ ಅಂತ ಮುಂಗಡ ಹಾಕಲು ಹೊರಟವರು ಯಾರಾದರೂ ಇದ್ದರೆ ಸ್ವಲ್ಪ ತಡೆಯಿರಿ. ಮಂಡ್ಯದಲ್ಲಿರುವ ನಮ್ಮಕ್ಕನ ಮನೆಗೆ ಬಂದ ಗೋಸುಂಬೆ ವರ್ಷ ತುಂಬುವ ಮೊದಲೇ ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಸತ್ತಿತು. ಮಾರಿದವನು ಅದನ್ನು ಗಂಡು ಅಂತ ಹೇಳಿ ಕೊಟ್ಟಿದ್ದ.

ಅದು ವೇಲ್ಡ್ ಕ್ಯಾಮೆಲಿಯನ್. ಯೆಮನ್, ಸೌದಿ ಅರೇಬಿಯಾ ಕಡೆಯ ಪ್ರಾಣಿ, ತಲೆಯ ಮೇಲೆ ಎತ್ತರದ ಜುಟ್ಟು. ಸಾಕುವವರಲ್ಲಿ ಇದಕ್ಕೂ ಮಡಗಾಸ್ಕರಿನ ಪ್ಯಾಂಥರ್ ಕ್ಯಾಮೆಲಿಯನ್ನಿಗೂ ಬೇಡಿಕೆ ಜಾಸ್ತಿ. ಅಕ್ಕನ ಮಗ ಪಿಯುಸಿ ಓದುವ ಹುಡುಗ, ದುಡುಕುವವನಲ್ಲ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಯಾವ ದೀಪ ಹಾಕಬೇಕು, ಕಾಗದಪತ್ರ ಇದೆಯಾ ಅಂತ ಕೇಳಬೇಕಾದ್ದನ್ನೆಲ್ಲ ಮೆಸೇಜಿನಲ್ಲೇ ಕೇಳಿದ್ದ. ಆ ಮೆಸೇಜುಗಳನ್ನು ಆಮೇಲೆ ನಾನೂ ಓದಿದೆ. ಹುಡುಗನ ಪ್ರಶ್ನೆಗಳು ನೆಟ್ಟಗಿದ್ದವು. ಆ ಕಡೆಯಿಂದ ಬಂದ ಉತ್ತರಗಳಲ್ಲಿ ನಂಬುವಂಥದ್ದು ಒಂದೂ ಇರಲಿಲ್ಲ.

ಗಂಡು ಹೆಣ್ಣಿನ ವಿಷಯ ಮೊದಲು. ವೇಲ್ಡ್ ಗಂಡಿಗೆ ಮೊಟ್ಟೆಯಿಂದ ಹೊರಬಂದಾಗಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಹುಂಜದ ಕಾಲಿನ ಮುಳ್ಳಿನ ಹಾಗೆ ಒಂದು ಪುಟ್ಟ ಗುಬುಟು ಇರುತ್ತೆ. ಹೆಣ್ಣಿಗೆ ಇರುವುದಿಲ್ಲ. ಮರಿಯಲ್ಲಿ ಬರಿಗಣ್ಣಿಗೆ ಸಣ್ಣದು, ಆದರೆ ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿದರೆ ಸಂಶಯಕ್ಕೆ ಜಾಗವಿಲ್ಲ. ಪ್ಯಾಂಥರಿನಲ್ಲಿ ಈ ಗುರುತು ಸಿಗಲ್ಲ, ಬಾಲದ ಬುಡ ದಪ್ಪಗಾಗುವವರೆಗೆ ಕಾಯಬೇಕು. ಹಾಗಾಗಿ ವೇಲ್ಡ್ ಮಾರುವವನು ‘ಇನ್ನೂ ಮರಿ, ಈಗಲೇ ಹೇಳೋಕಾಗಲ್ಲ’ ಅಂದರೆ ಅವನಿಗೆ ಪ್ರಾಣಿ ಗೊತ್ತಿಲ್ಲ, ಇಲ್ಲವೇ ಹೆಣ್ಣನ್ನು ಸಾಗಹಾಕುತ್ತಿದ್ದಾನೆ. ನಮಗೆ ಮಾರಿದವನು ಅಷ್ಟೂ ಹೇಳಲಿಲ್ಲ, ಗಂಡೇ ಅಂತ ಗಂಟಾಘೋಷವಾಗಿ ಬರೆದಿದ್ದ.

ಹೆಣ್ಣಾದರೇನು ಅನ್ನಬೇಡಿ. ವೇಲ್ಡ್ ಹೆಣ್ಣು ಗಂಡಿನ ಮುಖವನ್ನೇ ನೋಡದೆ ಮೊಟ್ಟೆ ಕಟ್ಟುತ್ತೆ. ಆರು ತಿಂಗಳು ಆಗುವ ಹೊತ್ತಿಗೇ ಶುರುವಾಗಬಹುದು. ಒಂದು ಸಲಕ್ಕೆ ಇಪ್ಪತ್ತು ಮೂವತ್ತರಿಂದ ಎಂಬತ್ತರವರೆಗೂ ಹೋಗುತ್ತೆ, ಮೇವು ಜಾಸ್ತಿ ಹಾಕಿದಷ್ಟೂ ಮೊಟ್ಟೆ ಜಾಸ್ತಿ. ಅದಕ್ಕೆ ಒಂದಡಿ ಆಳದ ಒದ್ದೆ ಮರಳು ಬೇಕು. ಅದು ಸುರಂಗ ಕೊರೆದು ಒಳಗೆ ಇಟ್ಟು, ತಿರುಗಿ ಮುಚ್ಚುತ್ತೆ. ಮರಳಿಲ್ಲದಿದ್ದರೆ, ಅಥವಾ ತೋಡುವಾಗ ಎದುರಿಗೆ ಜನ ಓಡಾಡುತ್ತಿದ್ದರೆ, ಎಷ್ಟೋ ಹೆಣ್ಣುಗಳು ಇಡುವುದನ್ನೇ ನಿಲ್ಲಿಸಿ ಒಳಗೇ ಹಿಡಿದಿಟ್ಟುಕೊಳ್ಳುತ್ತವೆ. ಆಮೇಲೆ ಬದುಕುವುದು ಕಷ್ಟ.

ನಮ್ಮದು ಮೇಯುವುದನ್ನು ಬಿಟ್ಟಿತು. ಕೊಂಬೆ ಬಿಟ್ಟು ಕೆಳಗಿಳಿದು ಪೆಟ್ಟಿಗೆಯ ಮೂಲೆ ಕೆರೆಯತೊಡಗಿತು. ಮೈಮೇಲೆ ಹಳದಿ, ನೀಲಿ ಚುಕ್ಕೆ ಎದ್ದವು. ಮೂರೂ ಮೊಟ್ಟೆಯ ಲಕ್ಷಣವೇ. ಹುಡುಗ ವಿಡಿಯೊ ತೆಗೆದು ಕಳಿಸಿದರೆ ಮಾರಿದವನ ಉತ್ತರ: ‘ಬೇಸಿಗೆ ಬ್ರೋ, ಗಂಡು ಬಣ್ಣ ಬಿಡ್ತಾ ಇದೆ.’ ಅದನ್ನು ಮೈಸೂರಿಗೆ ತಂದಾಗ ಕಣ್ಣು ಒಳಕ್ಕೆ ಹೋಗಿತ್ತು. ನಾಯಿ, ಹಸು ನೋಡುವ ಡಾಕ್ಟರುಗಳಲ್ಲಿ ಹೆಚ್ಚಿನವರು ಇದನ್ನು ಮುಟ್ಟುವುದಿಲ್ಲ, ಅವರನ್ನು ಬೈಯುವ ಹಾಗೂ ಇಲ್ಲ. ಕೊನೆಗೆ ಒಬ್ಬರು ಒಪ್ಪಿಕೊಂಡು ಎಕ್ಸ್‌ರೇ ತೆಗೆದರು. ಮೊಟ್ಟೆಗಳು ಸಾಲಾಗಿ ಕಂಡವು, ಕಾಲಿನ ಮೂಳೆಗಳು ಮಾತ್ರ ನೆರಳಿನಷ್ಟು ತೆಳು. ಕ್ಯಾಲ್ಸಿಯಂ ಇಲ್ಲದೆ ಮೊಟ್ಟೆ ತಳ್ಳುವ ಶಕ್ತಿಯೂ ಸ್ನಾಯುವಿಗೆ ಉಳಿದಿರಲಿಲ್ಲ ಅಂತ ಅವರು ಹೇಳಿದರು. ಆ ರಾತ್ರಿಯೇ ಹೋಯಿತು.

ಕ್ಯಾಲ್ಸಿಯಂ ಯಾಕೆ ಇರಲಿಲ್ಲ ಅನ್ನುವುದಕ್ಕೆ ಉತ್ತರ ದೀಪದಲ್ಲಿತ್ತು. ‘ಫುಲ್ ಸೆಟ್’ ಅಂತ ಪ್ರಾಣಿಯ ಜೊತೆ ಕೊಟ್ಟಿದ್ದು ನೇರಳೆ ಬಣ್ಣದ ಒಂದು ಬಲ್ಬು. ಬಣ್ಣ ನೇರಳೆಯಾದ ಮಾತ್ರಕ್ಕೆ ಅದರಿಂದ ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಬರುವುದಿಲ್ಲ. ಯುವಿಬಿ ಇಲ್ಲದೆ ಗೋಸುಂಬೆಯ ಚರ್ಮದಲ್ಲಿ ಡಿ3 ವಿಟಮಿನ್ ಆಗಲ್ಲ, ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತೆ. ಕಾಲು ಬಾಗುತ್ತೆ, ದವಡೆ ಮೆತ್ತಗಾಗುತ್ತೆ, ನಾಲಿಗೆ ಗುರಿ ಮುಟ್ಟಲ್ಲ. ಬೇಕಾದ್ದು ಸರೀಸೃಪಗಳಿಗೆಂದೇ ಮಾಡಿದ ಉದ್ದನೆಯ ಟಿ5 ಯುವಿಬಿ ಟ್ಯೂಬ್. ಅದು ಉರಿಯುತ್ತಿದ್ದರೂ ಕಿರಣ ಕುಂದುತ್ತಾ ಹೋಗುತ್ತೆ, ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕು. ಹೊರಗಿನ ನೇರ ಬಿಸಿಲು ಇದಕ್ಕಿಂತ ಮೇಲು, ಆದರೆ ಜಾಲರಿ ಪಂಜರದಲ್ಲಿ, ಅರ್ಧ ನೆರಳಿನಲ್ಲಿ ಇಟ್ಟು, ಪಕ್ಕದಲ್ಲಿ ನೀವು ಕೂತಿದ್ದರೆ ಮಾತ್ರ. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಯುವಿಬಿ ಉಳಿದಿರುವುದಿಲ್ಲ.

ಪೆಟ್ಟಿಗೆಯೂ ಅಷ್ಟೇ. ಕೊಟ್ಟಿದ್ದು ಮೀನಿನ ಗಾಜಿನ ತೊಟ್ಟಿ, ಮೇಲೊಂದು ಮುಚ್ಚಳ. ನಮ್ಮ ಮಳೆಗಾಲದಲ್ಲಿ ಅಂಥದರೊಳಗೆ ಗಾಳಿಯಾಡದೆ ತೇವ ಕೊಳೆತು ಶ್ವಾಸದ ರೋಗ ಬರುತ್ತೆ, ಬೇಸಿಗೆಯಲ್ಲಿ ಒಲೆಯಾಗುತ್ತೆ. ಸಾಲದ್ದಕ್ಕೆ ಗಾಜಿನಲ್ಲಿ ತನ್ನದೇ ಬಿಂಬ ಕಂಡು ಇನ್ನೊಂದು ಗೋಸುಂಬೆ ಎದುರಾಯಿತು ಅಂತ ದಿನವಿಡೀ ಉದ್ವೇಗ. ಒಂಟಿಯಾಗಿರುವ ಪ್ರಾಣಿ ಅದು, ಜೋಡಿ ಮಾಡುವ ಕರುಣೆ ಬೇಡ. ಬೆಳೆದ ವೇಲ್ಡ್‌ಗೆ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಜಾಲರಿ ಪಂಜರ ಬೇಕು. ಕಾರ್ಪೆಂಟರ್ ಹತ್ತಿರ ಮರದ ಚೌಕಟ್ಟು ಮಾಡಿಸಿ ಮೆಶ್ ಹೊಡೆಸಿದರೆ ಸಾಕು. ಒಳಗೆ ದಾಸವಾಳ, ಮನಿಪ್ಲಾಂಟ್ ಕುಂಡ ಇಡಿ. ವೇಲ್ಡ್ ಎಲೆಯನ್ನೂ ಕಚ್ಚಿ ತಿನ್ನುತ್ತೆ, ಆದ್ದರಿಂದ ಔಷಧಿ ಹೊಡೆದ ನರ್ಸರಿ ಗಿಡವಾದರೆ ಚೆನ್ನಾಗಿ ತೊಳೆದು ಕೆಲವು ವಾರ ಹೊರಗಿಟ್ಟು ಆಮೇಲೆ ಒಳಗಿಡಿ. ನೀರಿನ ಬಟ್ಟಲು ವ್ಯರ್ಥ, ಎಲೆ ಮೇಲೆ ಹನಿ ಅಲ್ಲಾಡಿದರೆ ಮಾತ್ರ ಅದಕ್ಕೆ ನೀರು ಅಂತ ಗೊತ್ತಾಗುವುದು. ಬೆಳಗ್ಗೆ ಸಂಜೆ ಸಿಂಪಡಿಸಿ, ಮೇಲಿನಿಂದ ಹನಿ ಬೀಳುವ ವ್ಯವಸ್ಥೆ ಮಾಡಿ. ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ ಬೆಳ್ಳಗಿದ್ದರೆ ನೀರು ಸಾಕಾಗಿದೆ, ಕಿತ್ತಳೆ ಬಣ್ಣವಾದರೆ ಇಲ್ಲ.

ಬಿಸಿಯ ಲೆಕ್ಕ ಬೇರೆ. ದೀಪದ ಕೆಳಗಿನ ಕೊಂಬೆ 29ರಿಂದ 32 ಡಿಗ್ರಿ, ಕೆಳಭಾಗ ತಂಪು, ರಾತ್ರಿ ಇನ್ನೂ ತಂಪು. ಏಪ್ರಿಲಿನಲ್ಲಿ ಮಂಡ್ಯದ ಶೀಟ್ ಮನೆಯೊಳಗೆ ಬಲ್ಬಿಲ್ಲದೆಯೇ ಇದು ದಾಟುತ್ತೆ. ಪ್ರಾಣಿ ಬರುವ ಮೊದಲೇ ಖಾಲಿ ಪಂಜರದಲ್ಲಿ ದೀಪ ಹಾಕಿ, ಥರ್ಮಾಮೀಟರ್ ಇಟ್ಟು ಒಂದೆರಡು ವಾರ ನೋಡಿ ಅನ್ನುವುದು ಇದಕ್ಕೇ.

ಮೇವಿನ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮ ಅಮ್ಮನ ತವರು ರೇಷ್ಮೆ ಮನೆ. ರೇಷ್ಮೆ ಹುಳು ಗೋಸುಂಬೆಗೆ ಒಳ್ಳೆಯ ಆಹಾರ ನಿಜ, ಆದರೆ ರೈತರ ತಟ್ಟೆಯಿಂದ ಹಾಗೇ ಎತ್ತಿ ತರಬೇಡಿ. ಹಾಸಿಗೆಗೆ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿರುತ್ತಾರೆ. ಭತ್ತದ ಗದ್ದೆ, ಕಬ್ಬಿನ ಗದ್ದೆಯ ಮಿಡತೆಯೂ ಬೇಡ, ಕೀಟನಾಶಕ ಇರುತ್ತೆ. ಸಾಕಿದ ಜೀರುಂಡೆಗೆ (ಕ್ರಿಕೆಟ್ ಹುಳಕ್ಕೆ) ಸೊಪ್ಪು, ಕ್ಯಾರೆಟ್ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಿ.

ಇನ್ನು ಕಾಗದ. ವೇಲ್ಡ್, ಪ್ಯಾಂಥರ್ ಎರಡೂ ಸೈಟಿಸ್ ಅನ್ನುವ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಇಂಥ ಪ್ರಾಣಿಗಳೂ ಕಾಯ್ದೆಯೊಳಗೆ ಬಂದವು. 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಣಿ ಆಗಬೇಕು. ಕೈ ಬದಲಾದರೆ, ಮರಿ ಹುಟ್ಟಿದರೆ, ಸತ್ತರೂ ತಿಳಿಸಬೇಕು. ನಮ್ಮ ಹುಡುಗನಿಗೆ ‘ಸರ್ಟಿಫಿಕೇಟ್’ ಅಂತ ಬಂದದ್ದು ವಿದೇಶಿ ಪ್ರಾಣಿ ಇಟ್ಟುಕೊಂಡವರು ತಾವಾಗಿಯೇ ಸರ್ಕಾರಕ್ಕೆ ತಿಳಿಸುವ 2020ರ ಸ್ವಯಂ ಘೋಷಣೆಯ ಒಂದು ಜೆರಾಕ್ಸ್, ಅದರಲ್ಲಿ ಇನ್ಯಾರದೋ ಹೆಸರು. 2020ರಲ್ಲಿ ಘೋಷಿಸಿದ ಗೋಸುಂಬೆ ಈಗ ಬೆರಳುದ್ದದ ಮರಿಯಾಗಿರಲು ಹೇಗೆ ಸಾಧ್ಯ? ಆ ಮರಿ ಹುಟ್ಟಿದ ದಾಖಲೆ, ನಿಮ್ಮ ಹೆಸರಿಗೆ ವರ್ಗಾವಣೆ, ಇವೆರಡೂ ಇಲ್ಲದೆ ದುಡ್ಡು ಕೊಡಬೇಡಿ. ಕಳ್ಳಸಾಗಣೆಯಲ್ಲಿ ಬಂದದ್ದಾದರೆ ಅಪರಾಧಿ ಸ್ಥಾನದಲ್ಲಿ ನಿಲ್ಲುವವರಲ್ಲಿ ನೀವೂ ಒಬ್ಬರು.

ಇಷ್ಟೆಲ್ಲ ರಗಳೆ ಯಾಕೆ, ಬೇಲಿಯಲ್ಲಿ ಸಿಗುತ್ತಲ್ಲ, ಹಿಡಿದು ಕೊಡ್ತೀನಿ ಅಂತ ಊರಲ್ಲಿ ಒಬ್ಬ ಮುಂದೆ ಬಂದ. ಚಾಮುಂಡಿ ಬೆಟ್ಟದ ತಪ್ಪಲು, ಹೊಲದ ಬದುಗಳಲ್ಲಿ ಇರುವ ನಮ್ಮ ಗೋಸುಂಬೆ ಅದೇ 1972ರ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿಯುವುದು, ಸಾಕುವುದು, ಮಾರುವುದು ಮೂರೂ ಅಪರಾಧ. ವಿಷವಿಲ್ಲ, ಅಪಶಕುನವೂ ಅಲ್ಲ. ರಸ್ತೆ ದಾಟುತ್ತಿದ್ದರೆ ಗಾಡಿ ನಿಲ್ಲಿಸಿ ದಾಟಿಸಿ, ಅಷ್ಟು ಸಾಕು.

ಮಾರುವವರ ವಿಡಿಯೊ ನೋಡುವಾಗ ಒಂದನ್ನು ಗಮನಿಸಿ. ಅಂಗೈ ಮೇಲೆ ಅಲುಗಾಡದೆ ಕೂತ ಮರಿಯನ್ನು ತೋರಿಸಿ ‘ಸಾಧು ಪ್ರಾಣಿ’ ಅನ್ನುತ್ತಾರೆ. ಆರೋಗ್ಯವಾಗಿರುವ ವೇಲ್ಡ್ ಸಾಮಾನ್ಯವಾಗಿ ಸಾಧುವಲ್ಲ: ಬುಸುಗುಡುತ್ತೆ, ಮೈ ಚಪ್ಪಟೆ ಮಾಡುತ್ತೆ, ಬಾಯಿ ತೆರೆಯುತ್ತೆ, ಓಡಲು ನೋಡುತ್ತೆ. ಕಾಡಿನಲ್ಲಿ ನಿಶ್ಶಕ್ತಿ ತೋರಿಸಿದರೆ ಹದ್ದಿಗೆ ಊಟವಾಗಬೇಕಾದ ಜೀವ, ಆದ್ದರಿಂದ ರೋಗವನ್ನು ಕೊನೆಯವರೆಗೂ ಬಚ್ಚಿಡುತ್ತೆ. ಹಗಲಲ್ಲಿ ಕಣ್ಣು ಮುಚ್ಚಿತ್ತೆಂದರೆ ರೋಗ ಆಗಲೇ ಮುಂದುವರಿದಿದೆ. ಅದಕ್ಕೇ ಹೇಳುವುದು, ನೋಡುವುದನ್ನೆಲ್ಲ ದುಡ್ಡು ಕೊಡುವ ಮೊದಲೇ ನೋಡಬೇಕು: ಎರಡು ಕಣ್ಣೂ ಉಬ್ಬಿ ಬೇರೆಬೇರೆ ದಿಕ್ಕಿಗೆ ಹೊರಳುತ್ತಿವೆಯಾ, ಕೊಂಬೆಯನ್ನು ಬಿಗಿಯಾಗಿ ಹಿಡಿಯುತ್ತಾ, ಕಾಲಿನ ಮೂಳೆ ಸೊಟ್ಟಗಾಗದೆ ನೆಟ್ಟಗಿದೆಯಾ, ಎದುರಿಗೆ ಹುಳು ಬಿಟ್ಟರೆ ನಾಲಿಗೆ ಹಾರಿಸುತ್ತಾ. ಪಾರ್ಸೆಲ್‌ನಲ್ಲಿ ಕಳಿಸುವವನ ಹತ್ತಿರ ಇದ್ಯಾವುದೂ ಆಗದ ಮಾತು.

ಈಗಾಗಲೇ ತಂದಿರುವವರು ಇವತ್ತೇ ಹಿಮ್ಮಡಿಯ ಫೋಟೋ ತೆಗೆಯಿರಿ. ಗುಬುಟು ಇಲ್ಲದಿದ್ದರೆ ಅಗಲವಾದ ಬಕೆಟ್ಟಿನಲ್ಲಿ ತೊಳೆದ ಮರಳನ್ನು ಒಂದಡಿ ತುಂಬಿ, ಬೆರಳಿಂದ ತೂತು ಮಾಡಿದರೆ ಕುಸಿಯದಷ್ಟು ಒದ್ದೆ ಮಾಡಿ ಪಂಜರದೊಳಗೆ ಇಡಿ. ಮೇವು ಬಿಟ್ಟು ತಳದಲ್ಲಿ ಓಡಾಡತೊಡಗಿದರೆ ಪಂಜರದ ಸುತ್ತ ಬಟ್ಟೆ ಕಟ್ಟಿ, ಮನೆಯವರನ್ನು ಆ ಕಡೆ ಬಿಡಬೇಡಿ. ತೋಡಿ ತೋಡಿ ಇಡದೆ ಸುಸ್ತಾಗಿ ಕೂತರೆ ಮಾರಿದವನನ್ನು ಕೇಳುತ್ತಾ ಹೊತ್ತು ಕಳೆಯದೆ ಎಕ್ಸ್‌ರೇ ಇರುವ ಕಡೆ ಒಯ್ಯಿರಿ. ಸರೀಸೃಪ ನೋಡುವ ಡಾಕ್ಟರ್ ಯಾರು, ಭಾನುವಾರ ಸಿಗುತ್ತಾರಾ ಅನ್ನುವುದನ್ನು ಮಾತ್ರ ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.