ಆರು ವರ್ಷ ಯೂಲ್‌ಟೈಡ್‌ಗೆ ಬರೆದ ಮೇಲೆ: ಹತ್ತು ಫ್ಯಾಂಡಮ್ ಆಫರ್ ಮಾಡೋ ಹುಚ್ಚು ಬೇಡ

ಯೂಲ್‌ಟೈಡ್ ಅಂದರೆ ಫ್ಯಾನ್ ಫಿಕ್ಷನ್, ಅಂದರೆ ಇಷ್ಟದ ಪುಸ್ತಕ, ಸಿನಿಮಾ, ಸೀರಿಯಲ್‌ಗಳ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಕಟ್ಟುವ ಕಥೆ, ಬರೆಯುವವರ ಉಡುಗೊರೆ ವಿನಿಮಯ. 2003ರಲ್ಲಿ ಶುರುವಾಯಿತು, 2009ರಿಂದ ಆರ್ಕೈವ್ ಆಫ್ ಅವರ್ ಓನ್ ಅನ್ನೋ ಫ್ಯಾನ್ ಫಿಕ್ಷನ್ ಜಾಲತಾಣದಲ್ಲಿ ನಡೆಯುತ್ತಿದೆ. ಜಾಸ್ತಿ ಜನ ಬರೆಯದ ಸಣ್ಣ ಫ್ಯಾಂಡಮ್‌ಗಳಿಗೆ (ಒಂದು ಮೂಲ ಕೃತಿ, ಅದರ ಅಭಿಮಾನಿ ಬಳಗ) ಮಾತ್ರ ಇಲ್ಲಿ ಜಾಗ. ನಿಮಗೆ ಬೇಕಾದ್ದನ್ನು ಕೇಳುತ್ತೀರಿ, ಬರೆಯಬಲ್ಲದ್ದನ್ನು ಆಫರ್ ಮಾಡುತ್ತೀರಿ, ಯಾರೋ ಅಪರಿಚಿತರಿಗೆ ಕನಿಷ್ಠ 1000 ಪದದ ಕಥೆ ಬರೆಯುತ್ತೀರಿ. ಕಥೆಗಳು ಕ್ರಿಸ್‌ಮಸ್ ದಿನ ಹೊರಬರುತ್ತವೆ, ಬರೆದವರ ಹೆಸರು ಜನವರಿ 1ಕ್ಕೆ. ದುಡ್ಡು ಕಾಸಿನ ಮಾತೇ ಇಲ್ಲ.

ನಾನು ಸೇರಿದಾಗ ಆಫರ್ ಕನಿಷ್ಠ 4, ಗರಿಷ್ಠ 10 ಫ್ಯಾಂಡಮ್ ಇತ್ತು. ಮೊದಲ ವರ್ಷ ಮದುವೆ ಊಟಕ್ಕೆ ಕೂತವರ ಹಾಗೆ ಹತ್ತೂ ತುಂಬಿಸಿಬಿಟ್ಟೆ. ನೋಡಿದ್ದೆಲ್ಲ ನನಗೆ ಬರೆಯೋಕೆ ಬರುತ್ತೆ ಅನ್ನೋ ಭ್ರಮೆ. ಹತ್ತನೆಯದು ಒಂದು ಹಳೇ ಬ್ರಿಟಿಷ್ ಪತ್ತೇದಾರಿ ಸೀರಿಯಲ್, ಏಳು ವರ್ಷದ ಹಿಂದೆ ಜ್ವರ ಬಂದು ಮಲಗಿದ್ದಾಗ ನೋಡಿದ್ದು, ಅದಕ್ಕೂ ಸುಮ್ನೆ ಟಿಕ್ ಹಾಕಿ, ಪಾತ್ರಗಳ ಜಾಗದಲ್ಲಿ ‘ಎನಿ’ (ಯಾವ ಪಾತ್ರವಾದರೂ ಸರಿ) ಅಂತ ಬೇರೆ ಒತ್ತಿದೆ. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಕೇಳಿದವರ ಜೊತೆ ಮ್ಯಾಚ್ ಆಗೋಕೆ ಒಂದೇ ಒಂದು ಫ್ಯಾಂಡಮ್, ಅದರಲ್ಲಿ ಅವರು ಕೇಳಿದ ಪಾತ್ರ ಹೊಂದಿದರೆ ಸಾಕು, ನಿಮಗೆ ಯಾವುದು ಹೆಚ್ಚು ಇಷ್ಟ ಅಂತ ಜೋಡಿಸುವ ಯಂತ್ರ ಕೇಳೋದಿಲ್ಲ.

ನನಗೆ ಬಂದದ್ದು ಅದೇ ಸೀರಿಯಲ್. ಅದರಲ್ಲೂ ಟೆಲಿಗ್ರಾಫ್ ಗುಮಾಸ್ತನ ಪಾತ್ರ! ಇಡೀ ಸೀರಿಯಲ್‌ನಲ್ಲಿ ಎರಡು ದೃಶ್ಯ, ಮಾತು ಐದೋ ಆರೋ. ಕೇಳಿದವರು ಅವನ ಬಗ್ಗೆ ಎರಡು ಪುಟದ ಲೆಟರ್ (ನನಗೆ ಇಂಥ ಕಥೆ ಬೇಕು ಅಂತ ಬರೆಯುವವರಿಗೆ ಹೇಳುವ ಪತ್ರ) ಬರೆದಿದ್ದರು, ಅವನು ಕೈ ಒರೆಸಿಕೊಳ್ಳುವ ರೀತಿಯಿಂದ ಹಿಡಿದು. ನನಗೋ ಅವನ ಮುಖವೇ ನೆನಪಿಲ್ಲ. ದೀಪಾವಳಿ ರಜೆಯಲ್ಲಿ ಎಲ್ಲರೂ ಪಟಾಕಿ ಹೊಡೆಯುತ್ತಿದ್ದರೆ ನಾನು ಕೋಣೆಯಲ್ಲಿ ಆ ಎರಡು ದೃಶ್ಯಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಗಡುವಿಗೆ ಮುಂಚೆ ಡಿಫಾಲ್ಟ್ ಮಾಡಬಹುದಿತ್ತು, ಅಂದರೆ ಆಗಲ್ಲ ಅಂತ ಕೈ ಎತ್ತಬಹುದಿತ್ತು, ಆಗ ಅದು ಪಿಂಚ್ ಹಿಟ್ ಆಗಿ ಇನ್ನೊಬ್ಬರ ಕೈಗೆ ಹೋಗುತ್ತದೆ, ಆದರೆ ಹಟ. 1140 ಪದ ಬರೆದೆ. ಅವರು ತುಂಬಾ ಚೆನ್ನಾಗಿ ಥ್ಯಾಂಕ್ಸ್ ಹೇಳಿದರು. ಆ ಗುಮಾಸ್ತನನ್ನು ಪ್ರೀತಿಸುವವರು ಬರೆದ ಕಥೆ ಅದಲ್ಲ ಅಂತ ನನಗಂತೂ ಗೊತ್ತಿತ್ತು.

ಈಗ ನನ್ನ ಲೆಕ್ಕ ಬೇರೆ. ಇದು ಇಷ್ಟವಾ ಅಂತ ಕೇಳಿಕೊಳ್ಳೋದಿಲ್ಲ. ನನಗೆ ಅತಿ ಕಡಿಮೆ ಇಷ್ಟವಾದ ಪಾತ್ರವನ್ನೇ ಕೇಳಿದರೂ ಕೂತು ಬರೀತೀನಾ ಅಂತ ಕೇಳಿಕೊಳ್ಳುತ್ತೇನೆ. ಇಲ್ಲ ಅನ್ನಿಸಿದರೆ ‘ಎನಿ’ ಬಿಟ್ಟು ಪಾತ್ರಗಳನ್ನು ಒಂದೊಂದಾಗಿ ಆರಿಸುತ್ತೇನೆ, ಅಥವಾ ಫ್ಯಾಂಡಮ್ಮೇ ಔಟ್. ಎರಡನೇ ಪ್ರಶ್ನೆ, ಡಿಸೆಂಬರ್ ಒಳಗೆ ಇಡೀ ಮೂಲವನ್ನು ಇನ್ನೊಮ್ಮೆ ಓದೋಕೆ, ನೋಡೋಕೆ ಆಗುತ್ತಾ? ಒಂದು ಸಿನಿಮಾ ಆದರೆ ಒಂದು ಸಂಜೆ ಸಾಕು. ಹದಿನಾಲ್ಕು ಸಂಪುಟದ ಕಾದಂಬರಿ ಸರಣಿ ಆದರೆ ಕೆಲಸ ಬಿಟ್ಟು ಓದಬೇಕು. ಲೆಟರ್‌ಗಳನ್ನು ಮೊದಲೇ ಹಾಕಿದವರಿದ್ದರೆ ಆಫರ್‌ಗೆ ಮುಂಚೆ ಓದಿಬಿಡುತ್ತೇನೆ. ಇದು ಮೋಸ ಅಲ್ಲ, ಎಲ್ಲರೂ ಮಾಡುತ್ತಾರೆ.

ಮಹಾಭಾರತ ಆಫರ್ ಮಾಡು, ನಿನಗೆ ನೀರು ಕುಡಿದಷ್ಟು ಸುಲಭ ಅಂತ ತಂಗಿ ಹೇಳುತ್ತಾಳೆ. ನನಗೆ ಅದೇ ಭಯ. ನನ್ನ ಕರ್ಣ ಕುಮಾರವ್ಯಾಸನ ಕರ್ಣ, ಗಮಕದಲ್ಲಿ ಕೇಳಿ ಅತ್ತ ಕರ್ಣ. ಕೇಳುವವರ ತಲೆಯಲ್ಲಿ ಟೀವಿ ಸೀರಿಯಲ್ಲಿನ ಕರ್ಣ ಇದ್ದರೆ? ಚೆನ್ನಾಗಿ ಗೊತ್ತಿರೋದು, ಅವರಿಗೆ ಬೇಕಾಗಿರೋದು ಎರಡೂ ಒಂದೇ ಅಲ್ವಲ್ಲ.

ಆಫರ್ ಕಡಿಮೆ ಮಾಡಿದರೆ ಮ್ಯಾಚ್ ಆಗೋದು ಕಷ್ಟ ಅನ್ನುವವರಿದ್ದಾರೆ. ನಿಜ. ಆದರೆ ನಾನು ನಾಲ್ಕಕ್ಕೆ ಇಳಿಸಿದ ಮೇಲೂ ಯಾವ ವರ್ಷವೂ ಖಾಲಿ ಕೂತಿಲ್ಲ. ಮಿಕ್ಕ ಆಸೆಗಳಿಗೆ ಟ್ರೀಟ್ ಇದ್ದೇ ಇದೆ. ಯಾರದೋ ಲೆಟರ್ ಓದಿ ಕೈ ತುರಿಸಿದರೆ ಹೆಚ್ಚುವರಿ ಉಡುಗೊರೆಯಾಗಿ ಬರೆಯಬಹುದು, ಬರೆಯದಿದ್ದರೂ ಯಾರೂ ಕೇಳೋದಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಳೆದದ್ದು ಆಫರ್ ಫಾರ್ಮ್ ತುಂಬುವಾಗಿನ ತಲೆನೋವಿಗೆ. ಈ ಸಲ ಮೂರು ಖಚಿತ. ನಾಲ್ಕನೆಯದು ಅದೇ ಗುಮಾಸ್ತನ ಸೀರಿಯಲ್ ಆಗಬಹುದೇನೋ, ಈಗ ಅವನ ಮುಖ ಚೆನ್ನಾಗಿ ನೆನಪಿದೆ.