ಕಿನೊಸಾಕಿಯ ರ್ಯೋಕಾನ್: ಮಧ್ಯಾಹ್ನ ಮೂರಕ್ಕೇ ಹೋಗಿ

ಜಪಾನಿನ ಬಿಸಿನೀರಿನ ಊರುಗಳಲ್ಲಿ ರ್ಯೋಕಾನ್ ಅನ್ನುವ ಹಳೇ ಕಾಲದ ವಸತಿಮನೆಗಳಿವೆ. ಅಲ್ಲಿ ಉಳಿಯುವ ಯೋಚನೆ ಇರುವ ನಮ್ಮ ಕಡೆಯವರಿಗೆ ಮೊದಲೇ ಒಂದು ಮಾತು ಹೇಳುತ್ತೇನೆ. ಮಧ್ಯಾಹ್ನ ಮೂರಕ್ಕೆ ರೂಮು ಕೊಡುತ್ತಾರೆ. ಮೂರಕ್ಕೇ ಹೋಗಿ. ಇಡೀ ದಿನ ಊರು ಸುತ್ತಿ ರಾತ್ರಿ ಮಲಗುವುದಕ್ಕೆ ಮಾತ್ರ ಹೋಗುವುದಾದರೆ ಸ್ಟೇಷನ್ ಹತ್ತಿರದ ಸಾಧಾರಣ ಹೋಟೆಲು ಸಾಕು, ದುಡ್ಡೂ ಉಳಿಯುತ್ತದೆ. ರ್ಯೋಕಾನಿನಲ್ಲಿ ನಾವು ದುಡ್ಡು ಕೊಡುವುದು ಒಂದು ಪೂರ್ತಿ ಸಂಜೆಗೆ, ಮರುದಿನದ ಬೆಳಗಿಗೆ. ಮರುದಿನ ಹತ್ತು ಗಂಟೆಗೆ ಹೊರಡಬೇಕು. ಅದರಲ್ಲಿ ಒಂದು ಗಂಟೆ ಕಳೆದುಕೊಂಡರೂ ನಷ್ಟವೇ.

ನಾವು ಹೋದದ್ದು ಕಿನೊಸಾಕಿಗೆ. ಹ್ಯೋಗೊ ಪ್ರಾಂತ್ಯದ ಉತ್ತರದಲ್ಲಿ, ಜಪಾನ್ ಸಮುದ್ರಕ್ಕೆ ಹತ್ತಿರ, ತೊಯೊಒಕ ನಗರಕ್ಕೆ ಸೇರಿದ ಸಣ್ಣ ಪೇಟೆ ಅದು. ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ, ರೂಮು ಹಿಡಿದದ್ದು ಅವಳೇ. ಒಸಾಕಾದಿಂದ ರೈಲಿನಲ್ಲಿ ಎರಡೂಮುಕ್ಕಾಲು ಗಂಟೆ ಹತ್ತಿರ ಬೇಕು. ಕ್ಯೋಟೊದಿಂದಲೂ ನೇರ ರೈಲಿದೆ. ಬೆಟ್ಟ, ಗದ್ದೆ, ಹೊಳೆ, ಮತ್ತೆ ಬೆಟ್ಟ. ಕಿಟಕಿ ಬದಿಯ ಸೀಟು ಹಿಡಿಯಿರಿ.

ಈ ಊರಿನ ವಿಶೇಷ ಏನೆಂದರೆ ಸ್ನಾನ ವಸತಿಮನೆಯೊಳಗೆ ಮುಗಿಯುವುದಿಲ್ಲ. ಪೇಟೆಯಲ್ಲಿ ಏಳು ಸಾರ್ವಜನಿಕ ಸ್ನಾನದ ಮನೆಗಳಿವೆ. ಊರಿನಲ್ಲಿ ಉಳಿದುಕೊಂಡವರಿಗೆ ವಸತಿಮನೆಯವರೇ ಪಾಸು ಕೊಡುತ್ತಾರೆ, ಅದರಲ್ಲಿ ಎಲ್ಲ ಕಡೆಗೂ ಹೋಗಬಹುದು. ರೈಲು ಸ್ಟೇಷನ್ನೇ ಹೆಬ್ಬಾಗಿಲು, ಬೀದಿಗಳೇ ಓಣಿ, ವಸತಿಮನೆಗಳೇ ಕೋಣೆಗಳು, ಇಡೀ ಪೇಟೆ ಒಂದೇ ರ್ಯೋಕಾನ್ ಅನ್ನುವುದು ಅವರ ಲೆಕ್ಕ. ಬರಿಯ ಜಾಹೀರಾತಿನ ಮಾತು ಅಂದುಕೊಳ್ಳಬೇಡಿ, ಅದರ ಹಿಂದೆ ದೊಡ್ಡ ಜಗಳವೇ ಇದೆ. 1927ರಲ್ಲಿ ಒಂದು ವಸತಿಮನೆಯವರು ತಮ್ಮ ಜಾಗದಲ್ಲೇ ಬಿಸಿನೀರು ತೆಗೆದು ಒಳಗೆ ಸ್ನಾನದ ಕೊಳ ಮಾಡಿದರು. ನೀರು ಊರಿನದ್ದು, ಒಬ್ಬರದ್ದಲ್ಲ ಅಂತ ಉಳಿದವರು ಕೋರ್ಟಿಗೆ ಹೋದರು. ರಾಜಿ ಆದದ್ದು 1950ರಲ್ಲಿ. ಒಳಗಿನ ಕೊಳ ಇಟ್ಟುಕೊಳ್ಳಬಹುದು, ಆದರೆ ಅದಕ್ಕೆ ಮಿತಿ ಇರಬೇಕು, ನೀರಿನ ಹಕ್ಕು ಊರಿಗೇ ಸೇರಬೇಕು ಅಂತ ತೀರ್ಮಾನವಾಯಿತು. 1972ರಿಂದ ಬೇರೆ ಬೇರೆ ಬಾವಿಗಳ ಬಿಸಿನೀರನ್ನು ಒಟ್ಟು ಮಾಡಿ ಪೈಪಿನಲ್ಲಿ ಎಲ್ಲ ಕಡೆಗೂ ಹಂಚುತ್ತಾರೆ. ವಸತಿಮನೆಯ ಕೊಳ ಸಣ್ಣದು, ಊರಿನ ಕೊಳ ದೊಡ್ಡದು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ನಾನು ಕಾಸರಗೋಡಿನ ಪೆರ್ಲದ ಕಡೆಯವನು. ನಮ್ಮ ಮನೆಗೂ ತೋಟಕ್ಕೂ ನೀರು ಬರುವುದು ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದಿಂದ. ಒಂದೇ ಸುರಂಗದ ನೀರಿಗೆ ಅಣ್ಣತಮ್ಮಂದಿರು ಸರದಿ ಹಾಕಿಕೊಂಡ ಮನೆಗಳನ್ನೂ ಕಂಡಿದ್ದೇನೆ, ಸರದಿ ತಪ್ಪಿ ಮಾತು ಬಿಟ್ಟವರನ್ನೂ ಕಂಡಿದ್ದೇನೆ. ಕಿನೊಸಾಕಿಯವರು ಇಪ್ಪತ್ತಕ್ಕೂ ಜಾಸ್ತಿ ವರ್ಷ ಜಗಳ ಆಡಿ, ಕೊನೆಗೆ ನೀರನ್ನು ಊರಿನದ್ದಾಗಿ ಉಳಿಸಿಕೊಂಡರಲ್ಲ! ಆ ಪೇಟೆಯ ಮೇಲೆ ನನಗೆ ಗೌರವ ಬಂದದ್ದು ಅದಕ್ಕೇ.

ನಾವಿದ್ದದ್ದು ಒತಾನಿ ಹೊಳೆಯ ಬದಿಯ ಮರದ ಮನೆಯಲ್ಲಿ. ಎದುರಿಗೆ ಹೊಳೆ, ಸಣ್ಣ ಕಲ್ಲಿನ ಸೇತುವೆ, ಎರಡೂ ದಂಡೆಯಲ್ಲಿ ವಿಲ್ಲೋ ಮರಗಳು. 1925ರ ಭೂಕಂಪ ಮತ್ತು ಬೆಂಕಿಯಲ್ಲಿ ಈ ಪೇಟೆ ಹೆಚ್ಚುಕಡಿಮೆ ಪೂರ್ತಿ ನಾಶವಾಗಿತ್ತು. ಆಮೇಲೆ ಮತ್ತೆ ಮರದ ಮನೆಗಳನ್ನೇ ಎಬ್ಬಿಸಿದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಅವರ ಸ್ಲಿಪ್ಪರು ಕೊಡುತ್ತಾರೆ. ತತಾಮಿ ಚಾಪೆ ಹಾಸಿದ ಕೋಣೆಗೆ ಅದೂ ಬೇಡ, ಬರಿಗಾಲು ಅಥವಾ ಕಾಲುಚೀಲ. ಶೌಚಾಲಯಕ್ಕೆ ಬೇರೆಯೇ ಸ್ಲಿಪ್ಪರು, ಅದು ಅಲ್ಲಿಂದ ಹೊರಗೆ ಬರಬಾರದು. ಮಡಿ ಮೈಲಿಗೆ ನೋಡಿ ಬೆಳೆದ ನಮ್ಮ ಮನೆಯವಳಿಗೆ ಇದನ್ನು ಯಾರೂ ಎರಡು ಸಲ ಹೇಳಬೇಕಾಗಲಿಲ್ಲ.

ಕೋಣೆಯಲ್ಲಿ ಹಸಿರು ಚಹಾ, ಒಂದು ಸಣ್ಣ ಸಿಹಿ, ತಗ್ಗು ಮೇಜು. ಹಾಸಿಗೆ ಕಾಣುವುದಿಲ್ಲ. ರಾತ್ರಿಯ ಊಟದ ಹೊತ್ತಿಗೆ ಅವರೇ ಬಂದು ಹಾಸಿ ಹೋಗುತ್ತಾರೆ. ಯುಕಾತ ಅನ್ನುವ ಹತ್ತಿಯ ನಿಲುವಂಗಿ ಮಡಿಸಿ ಇಟ್ಟಿರುತ್ತಾರೆ. ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರುವ ಹಾಗೆ ಸುತ್ತಬೇಕು. ಉಲ್ಟಾ ಸುತ್ತುವುದು ಹೆಣಕ್ಕೆ ಮಾತ್ರ. ಆ ಯುಕಾತ ತೊಟ್ಟು, ಗೆತಾ ಅನ್ನುವ ಮರದ ಪಾದುಕೆ ಮೆಟ್ಟಿಕೊಂಡು ಬೀದಿಗಿಳಿಯಬೇಕು. ಸಂಜೆ ಹೊತ್ತಿಗೆ ಇಡೀ ಪೇಟೆ ಅದೇ ವೇಷದಲ್ಲಿ ಇರುತ್ತದೆ, ಮುದುಕರು, ಮಕ್ಕಳು, ಹೊಸ ದಂಪತಿ, ಎಲ್ಲರೂ. ಟಕ್ ಟಕ್ ಅಂತ ಪಾದುಕೆ ಸದ್ದು. ಹಣವಂತ ಯಾರು, ಅಲ್ಲದವರು ಯಾರು ಅಂತ ಗೊತ್ತಾಗುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಇದು.

ಈಗ ಸ್ನಾನದ ವಿಷಯ. ನಮ್ಮವರು ಹಿಂಜರಿಯುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕಡೆ. ಒಳಗೆ ಮೈಮೇಲೆ ಬಟ್ಟೆ ಇಲ್ಲ, ಈಜುಡುಗೆಯೂ ಇಲ್ಲ. ಕೊಳಕ್ಕೆ ಇಳಿಯುವ ಮೊದಲು ಸಣ್ಣ ಮಣೆಯ ಮೇಲೆ ಕೂತು ಸೋಪು ಹಾಕಿ ಚೆನ್ನಾಗಿ ಮೈ ತೊಳೆಯಬೇಕು. ನೊರೆ ಒಂದು ಚೂರೂ ಉಳಿಯಬಾರದು. ಕೊಳ ಇರುವುದು ಕೊಳೆ ತೆಗೆಯುವುದಕ್ಕಲ್ಲ, ಸುಮ್ನೆ ಕೂರುವುದಕ್ಕೆ. ಸಣ್ಣ ಬೈರಾಸನ್ನು ನೀರಿಗೆ ಅದ್ದಬಾರದು, ಮಡಿಸಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಹಚ್ಚೆ ಹಾಕಿಸಿಕೊಂಡವರನ್ನು ಜಪಾನಿನ ಅನೇಕ ಕಡೆ ಒಳಗೆ ಬಿಡುವುದಿಲ್ಲ, ಕಿನೊಸಾಕಿಯ ಈ ಮನೆಗಳಲ್ಲಿ ಬಿಡುತ್ತಾರೆ.

ನಮ್ಮ ಮನೆಯವಳು ಮೊದಲು ಆಗುವುದೇ ಇಲ್ಲ ಅಂದಳು. ನಮ್ಮ ವಸತಿಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಸ್ನಾನ ಮಾಡುವ ಸಣ್ಣ ಕೊಳ ಒಂದಿತ್ತು. ಅದರಲ್ಲಿ ಒಮ್ಮೆ ಕೂತು ಎದ್ದ ಮೇಲೆ ಮಗಳ ಜೊತೆ ಊರಿನ ಏಳು ಸ್ನಾನದ ಮನೆಗಳಲ್ಲಿ ಒಂದಾದ ಗೋಶೊನೊಯುಗೆ ಹೋದಳು. ಬೆಟ್ಟದ ಬುಡದಲ್ಲಿದೆ ಅದು, ಬಂಡೆಯ ಮೇಲಿಂದ ಝರಿ ಬೀಳುವುದನ್ನು ನೋಡುತ್ತ ಬಯಲಲ್ಲಿ ಕೂರಬಹುದು. ಬಂದವಳು ಹೇಳಿದ್ದು ಇಷ್ಟೇ: “ಅಲ್ಲಿ ಯಾರೂ ಯಾರನ್ನೂ ನೋಡುವುದೇ ಇಲ್ಲ.” ಆಮೇಲೆ ಅವಳನ್ನು ಕರೆದುಕೊಂಡು ಬರುವುದೇ ಕಷ್ಟವಾಯಿತು.

ನೀರು ಮೂಲದಲ್ಲಿ ಕೆಲವು ಕಡೆ 80 ಡಿಗ್ರಿಯೂ ದಾಟುತ್ತದೆ. ಕೊಳದಲ್ಲಿ 42ರ ಆಸುಪಾಸು. ತುಟಿಗೆ ತಾಗಿದರೆ ಉಪ್ಪು. ಪುತ್ತೂರಿನ ಕಡೆ ಇರ್ದೆಯಲ್ಲಿರುವ ಬಿಸಿನೀರಿನ ಬುಗ್ಗೆ ಬೆಂದ್ರುತೀರ್ಥಕ್ಕೆ ಕೈ ಅದ್ದಿ ಬಂದವರು ಅದೇ ಅಂದಾಜಿನಲ್ಲಿ ಹೋಗಬೇಡಿ, ಇದು ಅದಕ್ಕಿಂತ ಜಾಸ್ತಿ ಬಿಸಿ. ರಕ್ತದೊತ್ತಡ ಇರುವವರು ಐದು ನಿಮಿಷ ಕೂತು ಎದ್ದು, ನೀರು ಕುಡಿದು, ಬೇಕಾದರೆ ಮತ್ತೆ ಇಳಿಯುವುದು ಒಳ್ಳೆಯದು. ಏಳರಲ್ಲಿ ನನಗೆ ಮನಸ್ಸಿಗೆ ಬಂದದ್ದು ಯಾನಾಗಿಯು. ಸಣ್ಣದು, ಮರದ ಕೊಳ, ನೀರು ಒಳ್ಳೆ ಬಿಸಿ. ಇಚಿನೊಯುದಲ್ಲಿ ಬಂಡೆ ಕೊರೆದ ಗುಹೆಯೊಳಗೆ ಕೂರುತ್ತಾರೆ, ಜನ ಜಾಸ್ತಿ. ಕೋನೊಯು ಸ್ವಲ್ಪ ದೂರ, ಅದಕ್ಕೇ ಶಾಂತ. ಗಾಯಗೊಂಡ ಕೊಕ್ಕರೆಯೊಂದು ಅಲ್ಲಿನ ನೀರಿನಲ್ಲಿ ಕಾಲು ವಾಸಿ ಮಾಡಿಕೊಂಡಿತು ಅಂತ ಕಥೆ. ಪ್ರತಿ ಸ್ನಾನದ ಮನೆಗೂ ವಾರಕ್ಕೊಂದು ರಜೆ ಇದೆ, ಮೊದಲೇ ನೋಡಿಕೊಂಡು ಹೊರಡಿ.

ಊಟಕ್ಕೆ ಬರೋಣ. ಸಸ್ಯಾಹಾರಿಗಳಿಗೆ ಕಷ್ಟ ಇರುವುದು ಕಣ್ಣಿಗೆ ಕಾಣುವ ಮೀನಿನಲ್ಲಲ್ಲ, ಸಾರಿನಲ್ಲಿ. ಹೊಗೆಯಲ್ಲಿ ಒಣಗಿಸಿದ ಮೀನನ್ನು ತೆಳ್ಳಗೆ ಕೆರೆದು ಕುದಿಸಿ ತೆಗೆದ ದಾಶಿ ಅನ್ನುವ ಸಾರ ಅವರ ಅಡುಗೆಯ ಬುಡ. ತರಕಾರಿ ಬೇಯಿಸುವುದೂ ಅದರಲ್ಲೇ. ಆದ್ದರಿಂದ ಸಸ್ಯಾಹಾರಿ ಅಂತ ಮಾತ್ರ ಬರೆದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿ ಬೇಡ, ಕೊಂಬು ಅನ್ನುವ ಕಡಲಪಾಚಿಯ ದಾಶಿ ಆಗುತ್ತದೆ ಅಂತ ಬಿಡಿಸಿ ಬರೆಯಬೇಕು. ರೂಮು ಹಿಡಿಯುವಾಗಲೇ ಬರೆಯಬೇಕು. ಹೋದ ದಿನ ಹೇಳಿದರೆ ಅಡುಗೆಯವರಿಗೂ ಕಷ್ಟ, ನಿಮಗೂ ಉಪವಾಸ. ಎಲ್ಲ ವಸತಿಮನೆಗಳೂ ಒಪ್ಪುವುದಿಲ್ಲ. ಒಪ್ಪುವವರನ್ನೇ ಹುಡುಕಿ.

ನಮ್ಮ ವಸತಿಮನೆಯವರು ಒಪ್ಪಿದ್ದರು, ಮಾಡಿದ್ದೂ ಮನಸ್ಸಿಟ್ಟು. ಎಳ್ಳಿನಿಂದ ಮಾಡಿದ ಮೆತ್ತಗಿನ ತೊಫು, ಸೋಯಾ ಹಾಲಿನ ಕೆನೆ, ಮಿಸೋ ಅನ್ನುವ ಹುದುಗಿಸಿದ ಸೋಯಾ ಹಿಟ್ಟು ಸವರಿ ಸುಟ್ಟ ಬದನೆ, ಬೆಟ್ಟದ ಸೊಪ್ಪುಗಳ ತೆಂಪುರ, ಅಂದರೆ ನಮ್ಮ ಬಜ್ಜಿಯ ಹಾಗೆ. ವಸಂತ ಆದ್ದರಿಂದ ಕಣಿಲೆ ಬಂತು, ಎಳೆಯದು, ಒಂಚೂರೂ ಕಹಿ ಇಲ್ಲ. ಒಂದೊಂದೂ ಒಂದೊಂದು ಬಟ್ಟಲಿನಲ್ಲಿ, ಒಂದು ಮುಗಿಯುವಾಗ ಇನ್ನೊಂದು. ಖಾರ ಇಲ್ಲವೇ ಇಲ್ಲ. ಉಪ್ಪಿನಕಾಯಿ ಬಾಟಲಿ ಬ್ಯಾಗಿನಲ್ಲಿತ್ತು, ತೆಗೆಯಬೇಕು ಅನಿಸಲಿಲ್ಲ. ಬೆಳಗ್ಗೆ ಮಾತ್ರ ಒಂದು ತಪ್ಪಾಯಿತು. ಮಿಸೋ ಸಾರು ಮೀನಿನ ದಾಶಿಯದ್ದೇ ಬಂತು. ನಾವು ಬಾಯಿಗೆ ಇಡುವ ಮೊದಲೇ ಬಡಿಸುವವರಿಗೆ ನೆನಪಾಗಿ, ಓಡಿ ಬಂದು ಬಟ್ಟಲು ಎತ್ತಿಕೊಂಡು ಹೋಗಿ, ಬೇರೆ ಮಾಡಿ ತಂದರು. ನಿಮ್ಮ ಕಡೆಯಿಂದಲೂ ಬೆಳಗ್ಗೆ ಇನ್ನೊಮ್ಮೆ ಕೇಳಿಬಿಡಿ.

ಬೆಳಗ್ಗಿನ ಅನ್ನದ ಬಗ್ಗೆ ಎರಡು ಮಾತು ಹೇಳಲೇಬೇಕು. ಜಪಾನಿನ ಬಯಲಿನಲ್ಲಿ ತಾನಾಗಿ ಬದುಕಿದ್ದ ಕೊನೆಯ ದೊಡ್ಡ ಬಿಳಿ ಕೊಕ್ಕರೆ 1971ರಲ್ಲಿ ಇದೇ ತೊಯೊಒಕದಲ್ಲಿ ಸತ್ತಿತು. ಗದ್ದೆಗೆ ಹೊಡೆದ ಕೀಟನಾಶಕವೂ ಅದಕ್ಕೆ ಒಂದು ಕಾರಣ. ಆಮೇಲೆ ಕೊಕ್ಕರೆಗಳನ್ನು ಸಾಕಿ, ಮರಿ ಮಾಡಿಸಿ, 2005ರಲ್ಲಿ ಮತ್ತೆ ಬಯಲಿಗೆ ಬಿಟ್ಟರು. ಅವುಗಳಿಗೆ ತಿನ್ನಲು ಕಪ್ಪೆ, ಮೀನು ಸಿಗಬೇಕು ಅಂತ ರೈತರು ಕೀಟನಾಶಕ ಹಾಕದೆಯೋ ಕಡಿಮೆ ಹಾಕಿಯೋ ಭತ್ತ ಬೆಳೆಯುತ್ತಾರೆ. ನಮ್ಮ ಬಟ್ಟಲಿನಲ್ಲಿದ್ದದ್ದು ಆ ಗದ್ದೆಗಳ ಅಕ್ಕಿ. ಗೇರು ಗುಡ್ಡೆಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಎಣ್ಮಕಜೆ ಪಂಚಾಯತಿನವನು ನಾನು. ಆ ಅನ್ನ ಉಣ್ಣುವಾಗ ಆ ವಿಷದಿಂದ ನರಳಿದ ನಮ್ಮ ಕಡೆಯ ಮಕ್ಕಳ ನೆನಪಾಯಿತು. ಹೊಟ್ಟೆ ತುಂಬ ಉಂಡೆ, ಆದರೆ ಮಾತು ಬರಲಿಲ್ಲ.

ಕೊರತೆಗಳೂ ಇವೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಗೋಡೆ ತೆಳು, ಪಕ್ಕದ ಕೋಣೆಯ ಕೆಮ್ಮು ಕೇಳುತ್ತದೆ. ಮಂಡಿನೋವು ಇರುವವರು ನೆಲದಲ್ಲಿ ಕೂತು ಅಷ್ಟು ಹೊತ್ತು ಉಣ್ಣುವುದು ಕಷ್ಟ, ಕುರ್ಚಿ ಬೇಕೆಂದು ಮೊದಲೇ ಹೇಳಿ. ಊಟದ ಹೊತ್ತು ಆರೂವರೆ ಅಂದರೆ ಆರೂವರೆಯೇ.

ದರ ಕೋಣೆಗಲ್ಲ, ತಲೆಗೆ. ನಮಗೆ ಎರಡು ಊಟ ಸೇರಿ ತಲೆಗೆ 20,000 ಯೆನ್‌ಗಿಂತ ಸ್ವಲ್ಪ ಜಾಸ್ತಿ ಆಯಿತು, ಸ್ನಾನದ ತೆರಿಗೆ ಅಂತ ಸಣ್ಣದೊಂದು ಮೊತ್ತ ಬೇರೆ. ಟಿಪ್ಸ್ ಕೊಡುವ ಕ್ರಮ ಇಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಏಡಿಯ ಕಾಲ. ಜನ ಅದಕ್ಕಾಗಿಯೇ ಬರುತ್ತಾರೆ, ದರ ಏರುತ್ತದೆ, ಅಡುಗೆಮನೆಗೂ ಬಿಡುವಿರುವುದಿಲ್ಲ. ಮೀನು ಏಡಿ ತಿನ್ನುವವರು ಆಗಲೇ ಹೋಗಿ. ನಮ್ಮ ಹಾಗೆ ತಿನ್ನದವರಿಗೆ ಏಪ್ರಿಲ್, ಮೇ ವಾಸಿ. ಹೊಳೆಬದಿಯ ಮರಗಳೂ ಆಗ ಹಸಿರಾಗಿರುತ್ತವೆ, ಕಣಿಲೆಯೂ ಸಿಗುತ್ತದೆ.