ವಿಂಧ್ಯಗಿರಿಯ ಡೋಲಿ: ಅಮ್ಮನ ಮಂಡಿ ನೋವು ಮತ್ತು 600 ಮೆಟ್ಟಿಲು

ಮಂಡಿ ನೋವಿರುವ ಅಪ್ಪ ಅಮ್ಮನನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗೋದು ಹೇಗೆ ಅಂತ ಯೋಚಿಸುತ್ತಿದ್ದರೆ, ಧೈರ್ಯವಾಗಿ ಹೊರಡಿ. ವಿಂಧ್ಯಗಿರಿಯ ಬುಡದಲ್ಲಿ ಡೋಲಿ ಸಿಗುತ್ತದೆ.

ನಮ್ಮಮ್ಮನಿಗೆ 74. ಎರಡೂ ಮಂಡಿ ಸವೆದಿವೆ. ನೋವನ್ನು ಹೇಗೋ ತಡೆದುಕೊಳ್ಳುತ್ತಿದ್ದರು. ಇನ್ನು ಬೆಟ್ಟ ಹತ್ತೋದು ಹಣೆಯಲ್ಲಿ ಬರೆದಿಲ್ಲ ಅನ್ನೋ ಕೊರಗೇ ಅವರನ್ನು ಜಾಸ್ತಿ ಕುಗ್ಗಿಸಿತ್ತು. 1981ರ ಮಹಾಮಸ್ತಕಾಭಿಷೇಕದ ವರ್ಷ ನನ್ನ ಅಕ್ಕನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹತ್ತಿದವರು ಅವರು.

ಡೋಲಿ ಅಂದರೆ ಒಂದು ಕುರ್ಚಿ, ಅಕ್ಕಪಕ್ಕ ಬೊಂಬು, ಹೊರಲು ನಾಲ್ಕು ಜನ. ನೋಡಿದ್ದೇ ಅಮ್ಮ ಹಿಂದೆ ಸರಿದರು. "ನಾಲ್ಕು ಜನ ಹೊರೋದು ಕೊನೆಗೆ ಒಂದೇ ಸಲ ಕಣೋ, ಈಗಲೇ ಯಾಕೆ?" ಇನ್ನೊಬ್ಬರ ಬೆವರಿನಲ್ಲಿ ದರ್ಶನ ಮಾಡಿದರೆ ಪುಣ್ಯ ಬರುತ್ತಾ ಅನ್ನೋ ಅಳುಕು ಬೇರೆ. ಹೊರುವವರಲ್ಲಿ ಹಿರಿಯರೊಬ್ಬರು ಅಂದರು, "ಅಜ್ಜೀ, ನೀವು ಮಂತ್ರ ಹೇಳ್ಕೊಂಡು ಕೂತ್ಕೊಳ್ಳಿ. ಕಾಲು ನಮ್ದು."

ಬಂಡೆಯಲ್ಲೇ ಕಡಿದ 600ಕ್ಕೂ ಜಾಸ್ತಿ ಮೆಟ್ಟಿಲು. ಕಡಿದಾದ ಕಡೆ ಹಿಂದಿನವರು ಬೊಂಬನ್ನು ಎತ್ತಿ ಹಿಡಿದರು, ಕುರ್ಚಿ ವಾಲಲಿಲ್ಲ. ಕೆಳಗಿಳಿಸಿ ಸುಧಾರಿಸಿಕೊಳ್ಳುವಾಗಲೆಲ್ಲ ಅಮ್ಮ ಅವರಿಗೆ ನೀರು ಕೊಟ್ಟು, "ತಿಂಡಿ ಆಯ್ತಾ ಮಗಾ?" ಅಂತ ವಿಚಾರಿಸಿದರು. ಉಳಿದಂತೆ ದಾರಿಯುದ್ದಕ್ಕೂ ಜೈನರ ಣಮೋಕಾರ ಮಂತ್ರ.

ಮೇಲೆ ಡೋಲಿ ಇಳಿದು ನನ್ನ ತೋಳು ಹಿಡಿದು ನಡೆದರು. ಚಾವುಂಡರಾಯ ಕೆತ್ತಿಸಿದ, 981ರಿಂದ ನಿಂತಿರುವ 58 ಅಡಿಯ ಬಾಹುಬಲಿ ಅಲ್ಲೇ ಇದ್ದರೂ ಅವರು ಮೊದಲು ನಿಂತದ್ದು ಗುಳ್ಳಕಾಯಜ್ಜಿಯ ವಿಗ್ರಹದ ಮುಂದೆ. "ಚಾವುಂಡರಾಯನ ಕೊಡಗಟ್ಟಲೆ ಹಾಲಿಗೆ ಆಗದ ಅಭಿಷೇಕ ಈಕೆಯ ಒಂದು ಗುಳ್ಳಕಾಯಿಯಷ್ಟು ಹಾಲಿಗೆ ಆಯ್ತಲ್ವಾ? ನನ್ನದೂ ಈ ನಾಲ್ಕು ಹೆಜ್ಜೆ ಸಾಕು" ಅಂದರು. ಅಳುಕು ಅಲ್ಲಿಗೆ ಹೋಯಿತು.

ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಚಪ್ಪಲಿ ಕೆಳಗೇ ಬಿಡಬೇಕು, ಬಿಸಿಲೇರಿದರೆ ಬಂಡೆ ಕಾದ ಕಾವಲಿ. ಜೊತೆಗೆ ನಡೆಯುವವರಿಗೆ ಕಾಲುಚೀಲ ಇರಲಿ. ದರ ಎಷ್ಟು, ಇಳಿಯೋದೂ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್, ಅದೂ ಆ ನಾಲ್ವರಿಗೆ.

ಅಮ್ಮನ ಮಂಡಿ ಹಾಗೇ ಇದೆ. ಮಾತ್ರೆಯೂ ಅದೇ. ಆದರೆ ಡಾಕ್ಟರ್ ಹೇಳಿದ್ದ ವ್ಯಾಯಾಮವನ್ನು ಎರಡು ವರ್ಷ ಮುಟ್ಟದವರು ಈಗ ಒಂದು ದಿನವೂ ತಪ್ಪಿಸುವುದಿಲ್ಲ. ಮುಂದಿನ ಸಲ ಹತ್ತು ಮೆಟ್ಟಿಲಾದರೂ ತಾವೇ ಹತ್ತಬೇಕಂತೆ. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಕಾಲು ನೀಡುತ್ತಾರೆ, ಮಡಚುತ್ತಾರೆ. ಎಣಿಸುವಾಗ ಒಂದು, ಎರಡು ಅನ್ನುವುದಿಲ್ಲ. ಒಂದನೇ ಮೆಟ್ಟಿಲು, ಎರಡನೇ ಮೆಟ್ಟಿಲು ಅನ್ನುತ್ತಾರೆ.